ರಸ್ತೆ ಕಿರಿದು ಮಾಡಿದ್ದು ಯಾಕೆ?

ಬೆಂಗಳೂರಿನ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಸುಮಾರು ಹತ್ತು ವರ್ಷದ ಹಿಂದೆ ಟೆಂಡರ್‌ಶ್ಯೂರ್ ಎಂಬ ನಗರದ ರಸ್ತೆ ಸುಧಾರಣೆ ಯೋಜನೆಯಲ್ಲಿ ಅಗೆದು ಹೊಸದಾಗಿ ಕಟ್ಟಿದಾಗ ಕಾರಿನವರು ಕೇಳಿದ್ದು ಒಂದೇ ಪ್ರಶ್ನೆ. ಇಷ್ಟೊಂದು ಟ್ರಾಫಿಕ್ ಇರುವ ಊರಲ್ಲಿ ಫುಟ್‌ಪಾತ್ ಅಗಲ ಮಾಡಿ ರಸ್ತೆ ಕಿರಿದು ಮಾಡ್ತಾರಾ? ಮೇಲ್ನೋಟಕ್ಕೆ ಸರಿಯಾದ ಮಾತೇ. ಕೂತು ಲೆಕ್ಕ ಹಾಕಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಮೊದಲು ವೇಗದ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. 30 ಕಿ.ಮೀ. ವೇಗದ್ದು 8 ಮೀಟರಿಗೆ ಸ್ವಲ್ಪ ಜಾಸ್ತಿ. ಎದುರಿಗೆ ಮಗುವೊಂದು ತಟ್ಟನೆ ಅಡ್ಡ ಬಂತು ಅಂದುಕೊಳ್ಳಿ. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಚುರುಕಾದವರಿಗೂ ಒಂದು ಸೆಕೆಂಡಾದರೂ ಬೇಕು. ಒಣ ರಸ್ತೆ, ಒಳ್ಳೇ ಬ್ರೇಕ್ ಇದ್ದರೆ 30ರ ಕಾರು ಆಮೇಲೆ ಸುಮಾರು 5 ಮೀಟರ್ ಉರುಳಿ ನಿಲ್ಲುತ್ತದೆ. ಒಟ್ಟು 13 ಮೀಟರ್ ಚಿಲ್ಲರೆ. 50ರ ಕಾರು ಅದೇ ಜಾಗಕ್ಕೆ ಬರುವಾಗ ಅದರ ಚಾಲಕ ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ! ಒಂದು ಕಾರು ಮಗುವಿನ ಮುಂದೆ ನಿಂತಿದೆ, ಇನ್ನೊಂದು ಪೂರ್ತಿ ವೇಗದಲ್ಲಿ ಗುದ್ದುತ್ತದೆ. ಗುದ್ದಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 50ರ ಹೊಡೆತ 30ರದ್ದಕ್ಕಿಂತ ಸುಮಾರು 2.8 ಪಟ್ಟು. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಾಗ ನೆಲ ಮುಟ್ಟುವ ವೇಗವೂ 50 ಕಿ.ಮೀ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು.

ಹಾಗಾದರೆ '30' ಅಂತ ಒಂದು ಬೋರ್ಡ್ ಹಾಕಿದರೆ ಸಾಕಲ್ವಾ? ಸಾಲದು. ಗಾಡಿ ಓಡಿಸುವವರು ಬೋರ್ಡಿಗಿಂತ ಜಾಸ್ತಿ ನಂಬುವುದು ತಮ್ಮ ಕಣ್ಣನ್ನು. ಮುಂದೆ ಅಗಲವಾದ, ನೇರವಾದ, ಖಾಲಿ ರಸ್ತೆ ಕಂಡರೆ ಕಾಲು ತಾನಾಗಿಯೇ ಒತ್ತುತ್ತದೆ. ಹೆದ್ದಾರಿಗೆ ಸರಿಯಾದ 3.5 ಮೀಟರ್ ಲೇನನ್ನು ಪೇಟೆಯ ಒಳಗೆ ತಂದರೆ ಹೆದ್ದಾರಿಯ ವೇಗವೂ ಜೊತೆಗೆ ಬರುತ್ತದೆ. 3 ಮೀಟರ್ ಲೇನಿನಲ್ಲಿ ಪಕ್ಕದ ಗಾಡಿ ಹತ್ತಿರ ಕಾಣುತ್ತದೆ, ಜನ ಹುಷಾರಾಗುತ್ತಾರೆ. ತಿರುವುಗಳ ಕಥೆಯೂ ಇಷ್ಟೇ. ಮೂಲೆಯನ್ನು ದೊಡ್ಡದಾಗಿ ದುಂಡಗೆ ಮಾಡಿದರೆ ಎಡಕ್ಕೆ ತಿರುಗುವ ಗಾಡಿ ವೇಗ ಇಳಿಸದೇ ನುಗ್ಗುತ್ತದೆ. ಮೂಲೆ ಚಿಕ್ಕದಾಗಿದ್ದರೆ ಇಳಿಸಲೇಬೇಕು. ಪೊಲೀಸರು ಊಟಕ್ಕೆ ಹೋದಾಗಲೂ ಆ ಮೂಲೆ ಡ್ಯೂಟಿಯಲ್ಲೇ ಇರುತ್ತದೆ.

ದಾಟುವವರ ಕಡೆಯಿಂದಲೂ ನೋಡೋಣ. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2 ಮೀಟರ್. 14 ಮೀಟರ್ ರಸ್ತೆ ದಾಟಲು ಸುಮಾರು 12 ಸೆಕೆಂಡ್ ಬೇಕು. ಮಂಡಿ ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ 17 ಸೆಕೆಂಡ್ ದಾಟುತ್ತದೆ. ಜೀಬ್ರಾ ಪಟ್ಟಿ ಇರುವ ಕಡೆ ಫುಟ್‌ಪಾತನ್ನು ಎರಡೂ ಬದಿ ಮುಂದಕ್ಕೆ ಚಾಚಿ ರಸ್ತೆಯನ್ನು 9 ಮೀಟರಿಗೆ ತಂದರೆ ಅಜ್ಜಿಗೂ 11 ಸೆಕೆಂಡ್ ಚಿಲ್ಲರೆ ಸಾಕು. ಸಿಗ್ನಲ್ಲಿನಲ್ಲಿ ಉಳಿದ ಸಮಯ ಗಾಡಿಗಳಿಗೇ ಸಿಗುತ್ತದೆ.

ಇನ್ನು ಟ್ರಾಫಿಕ್ ಜಾಮ್ ಆಗಲ್ವಾ ಅನ್ನುವ ಮಾತು. ನಮ್ಮ ರಸ್ತೆಗಳು ಒಂದು ಕಡೆ ನಾಲ್ಕು ಗಾಡಿ ಹಿಡಿಯುವಷ್ಟಿದ್ದು, ನೂರು ಮೀಟರ್ ಮುಂದೆ ಒಂದು ಕಾಂಪೌಂಡೋ ಟ್ರಾನ್ಸ್‌ಫಾರ್ಮರೋ ಬಂದು ಎರಡಕ್ಕೆ ಇಳಿಯುತ್ತವೆ. ಆ ರಸ್ತೆಯಲ್ಲಿ ಎಷ್ಟು ಗಾಡಿ ಹಾದು ಹೋಗಬಹುದು ಅನ್ನುವುದನ್ನು ತೀರ್ಮಾನಿಸುವುದು ಆ ಎರಡು ಲೇನಿನ ಜಾಗವೇ. ಹಿಂದಿನ ಅಗಲ ಬರೀ ಗಾಡಿ ನಿಂತು ಹಾರ್ನ್ ಹೊಡೆಯಲು. ಟೆಂಡರ್‌ಶ್ಯೂರ್ ಮಾಡಿದ್ದು ಇಲ್ಲೇ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಲೇನುಗಳ ಅಗಲ ಒಂದೇ ಥರ ಇಟ್ಟು, ಮಿಕ್ಕ ಜಾಗವನ್ನು ಫುಟ್‌ಪಾತಿಗೆ ಕೊಟ್ಟಿತು. ಕಿತ್ತುಕೊಂಡಂತೆ ಕಾಣುವ ಜಾಗದಲ್ಲಿ ಬಹುಪಾಲು ಮೊದಲೂ ಗಾಡಿ ಓಡಿಸುವ ಕೆಲಸಕ್ಕೆ ಬರುತ್ತಿರಲಿಲ್ಲ.

ಆದರೆ ಈ ಯೋಜನೆಯ ನಿಜವಾದ ಬುದ್ಧಿವಂತಿಕೆ ನನ್ನ ಪ್ರಕಾರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಫುಟ್‌ಪಾತಿನ ಕೆಳಗಿದೆ. ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್, ಇಂಟರ್‌ನೆಟ್ ಕೇಬಲ್, ಮಳೆನೀರಿನ ಚರಂಡಿ ಎಲ್ಲಕ್ಕೂ ಬೇರೆ ಬೇರೆ ಜಾಗ, ಅಲ್ಲಲ್ಲಿ ಇಳಿದು ನೋಡಲು ಛೇಂಬರ್. ಹೊಸ ಕೇಬಲ್ ಬೇಕಾದರೆ ಮೊದಲೇ ಹಾಕಿಟ್ಟ ಖಾಲಿ ಪೈಪಿನೊಳಗೆ ಎಳೆದುಕೊಂಡರಾಯಿತು. ಉಳಿದ ಕಡೆ ನಡೆಯುವುದು ಗೊತ್ತೇ ಇದೆ. ಡಾಂಬರು ಹಾಕಿ ತಿಂಗಳಾಗಿರುವುದಿಲ್ಲ, ಜಲಮಂಡಳಿಯವರು ಅಗೆಯುತ್ತಾರೆ. ಅವರು ಮುಚ್ಚುವಷ್ಟರಲ್ಲಿ ಕೇಬಲಿನವರು. ಅಗೆದ ಗುಂಡಿಯನ್ನು ಸರಿಯಾಗಿ ದಮ್ಮಸ್ ಮಾಡದೆ ಮುಚ್ಚಿದರೆ ಮಣ್ಣಿನೊಳಗೆ ಪೊಳ್ಳು ಉಳಿಯುತ್ತದೆ, ಮಳೆನೀರು ಇಳಿದು ಮಣ್ಣು ಕುಸಿಯುತ್ತದೆ, ಮೇಲೆ ಗುಂಡಿ ಬೀಳುತ್ತದೆ. ಬೈಕಿನವರು ಬೀಳುವುದು ಅದರಲ್ಲೇ. ಹಾಗಾಗಿ ಕೊಳವೆಗಳನ್ನು ಬದಿಗೆ ಸರಿಸಿದ್ದು ಸುಮ್ನೆ ಅಚ್ಚುಕಟ್ಟಿಗಲ್ಲ, ಜೀವ ಉಳಿಸುವ ಕೆಲಸವೂ ಹೌದು.

ಖರ್ಚು ಜಾಸ್ತಿ, ನಿಜ. ಕಿಲೋಮೀಟರಿಗೆ ಕೋಟಿಗಟ್ಟಲೆ. ನೋಡಿಕೊಳ್ಳುವವರು ಇಲ್ಲದಿದ್ದರೆ ಅದೂ ನೀರುಪಾಲು. 2018ರಲ್ಲಿ ಕಲ್ಲು ಹಾಸಿ ತೆರೆದ ಚರ್ಚ್ ಸ್ಟ್ರೀಟ್ ನೋಡಲು ಬಲು ಚೆಂದವಿತ್ತು, ವಾರಾಂತ್ಯಗಳಲ್ಲಿ ಗಾಡಿ ನಿಲ್ಲಿಸಿ ಬರೀ ನಡೆಯುವವರಿಗೆ ಬಿಟ್ಟ ಪ್ರಯೋಗವೂ 2020ರ ಕೊನೆಯಲ್ಲಿ ನಡೆಯಿತು. ಆದರೆ ದಿನವೂ ಗಾಡಿ ಓಡುವ ಜಾಗದಲ್ಲಿ ಕಲ್ಲು ಅಲ್ಲಲ್ಲಿ ಸಡಿಲವಾಗಿ ಎದ್ದು, ಕೆಲವೇ ವರ್ಷಗಳಲ್ಲಿ ರಿಪೇರಿ ಬೇಕಾಯಿತು.

ಇಷ್ಟೆಲ್ಲ ಸರಿಯಾದರೂ ರಸ್ತೆಯ ಮುಂದಿನ ಇಪ್ಪತ್ತು ವರ್ಷ ನಿರ್ಧಾರವಾಗುವುದು ಅದರ ಎರಡೂ ಬದಿಯ ಸೈಟುಗಳಲ್ಲಿ. ಬೆಂಗಳೂರಿನ ಮಾಸ್ಟರ್ ಪ್ಲಾನಿನಲ್ಲಿ ಎಫ್‌ಎಆರ್ ಅಂತ ಒಂದು ಲೆಕ್ಕವಿದೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ ಅದು. ಎದುರಿನ ರಸ್ತೆ ಅಗಲವಾದಷ್ಟೂ ಈ ಮಿತಿ ಏರುತ್ತದೆ. ಅಂದರೆ ರಸ್ತೆ ಅಗಲ ಮಾಡಿದ ಕೂಡಲೇ ಪಕ್ಕದಲ್ಲಿ ಎತ್ತರದ ಕಟ್ಟಡಗಳಿಗೆ ದಾರಿ. ಹಳೆಯ ಒಂದು ಮನೆ ಇದ್ದ ಕಡೆ ಆಫೀಸುಗಳು, ಅಂಗಡಿಗಳು, ನೂರಾರು ಜನ. ಜೊತೆಗೆ ಅವರ ಕಾರು. ಅಗಲ ಮಾಡಿದ ಜಾಗ ಮತ್ತೆ ತುಂಬುತ್ತದೆ.

ಫುಟ್‌ಪಾತ್ ಮಾತ್ರ ಕಟ್ಟಡದ ಜೊತೆ ತಾನಾಗಿ ಅಗಲವಾಗುವುದಿಲ್ಲ. ನಡೆಯಲು ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಎಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿತ್ತು. ಇಬ್ಬರು ಎದುರುಬದುರು ಸರಾಗವಾಗಿ ಹಾಯುವಷ್ಟು. ಎದುರು ಹತ್ತು ಮಹಡಿ ಎದ್ದಾಗ ಅದು ಎಷ್ಟಾಗಬೇಕು? ಮೇಲಾಗಿ ಒಂದೊಂದು ಕಟ್ಟಡಕ್ಕೂ ಎರಡೆರಡು ಗೇಟು, ಒಂದೊಂದು ಗೇಟಿಗೂ ಫುಟ್‌ಪಾತ್ ಕಡಿದು ಇಳಿಜಾರು. ನಡೆಯುವವರು ಇಪ್ಪತ್ತು ಹೆಜ್ಜೆಗೊಮ್ಮೆ ಹತ್ತಿ ಇಳಿಯಬೇಕು. ಇದಕ್ಕೆ ಮದ್ದು ಕಷ್ಟದ್ದೇನಲ್ಲ. ನಕ್ಷೆ ಮಂಜೂರು ಮಾಡುವಾಗಲೇ ಕಟ್ಟಡಕ್ಕೆ ಒಂದೇ ದ್ವಾರ, ಸಾಧ್ಯವಾದರೆ ಪಕ್ಕದ ಅಡ್ಡರಸ್ತೆಯಿಂದ, ಮತ್ತು ಫುಟ್‌ಪಾತ್ ಇದ್ದ ಮಟ್ಟದಲ್ಲೇ ಮುಂದುವರಿಯಬೇಕು, ಕಾರೇ ಹತ್ತಿ ಇಳಿಯಲಿ ಎಂಬ ಷರತ್ತು ಹಾಕಬಹುದು. ರಸ್ತೆ ಕಟ್ಟುವ ಎಂಜಿನಿಯರೂ ನಕ್ಷೆಗೆ ಸಹಿ ಹಾಕುವ ಅಧಿಕಾರಿಯೂ ಒಂದೇ ಮೇಜಿಗೆ ಕೂತರೆ ಆಗುವ ಕೆಲಸ ಇದು.