ಹೊಡೆಸಿದ್ದಕ್ಕೆ ಲೆಕ್ಕವಿದೆ, ಮುಚ್ಚಿದ್ದಕ್ಕಿಲ್ಲ

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿದ್ದ ಕೊಳವೆಬಾವಿ ಹೊಚ್ಚ ಹೊಸದು. ಹಿಂದಿನ ದಿನವಷ್ಟೇ ಬೋರ್ ಹೊಡೆಸಿದ್ದರು, ನೀರು ಬಿದ್ದಿರಲಿಲ್ಲ, ಬಾಯಿ ಹಾಗೆಯೇ ತೆರೆದಿತ್ತು. ಪಕ್ಕದಲ್ಲಿ ಜೆಸಿಬಿಯಿಂದ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಸುಮಾರು 20 ತಾಸಿನ ಬಳಿಕ ಮಗುವನ್ನು ಜೀವಂತವಾಗಿ ಹೊರತೆಗೆದರು. ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ 2014ರ ಆಗಸ್ಟ್‌ನಲ್ಲಿ, ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ 2017ರ ಏಪ್ರಿಲ್‌ನಲ್ಲಿ ಇದೇ ಜೆಸಿಬಿ, ಇದೇ ಟಿ.ವಿ. ಕ್ಯಾಮೆರಾ, ಇದೇ ಹರಕೆ ಇದ್ದವು. ಮಕ್ಕಳು ಮಾತ್ರ ಉಳಿಯಲಿಲ್ಲ.

ಮೂರು ಜಿಲ್ಲೆ, ಮೂರು ಅವಘಡ, ನಡುವೆ ಹತ್ತು ವರ್ಷ. ಅಷ್ಟರಲ್ಲಿ ಶಾಸನ ಮಾಡುವವರು ಏನು ಮಾಡಿದರು ಎಂದು ಕೇಳಿದರೆ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1972ರ ಬರದ ವರೆಗೆ ನಮ್ಮ ಕಡೆ ಬಾವಿ ಎಂದರೆ ಮೆಟ್ಟಿಲಿದ್ದ, ಇಣುಕಿದರೆ ಮುಖ ಕಾಣುತ್ತಿದ್ದ ಬಾವಿ. ಆಮೇಲೆ ಕೈಪಂಪು ಬಂತು, ಅದರ ಹಿಂದೆ ವಿದ್ಯುತ್ ಪಂಪ್‌ಸೆಟ್, ಅದರ ಹಿಂದೆ ದ್ರಾಕ್ಷಿ, ದಾಳಿಂಬೆ, ನಿಂಬೆ, ಕಬ್ಬು. ನೀರು ಪಾತಾಳಕ್ಕಿಳಿದ ಮೇಲೆ ವಿಧಾನಮಂಡಲ ಎಚ್ಚೆತ್ತಿತು. 1999ರ ಕಾನೂನು ಕುಡಿಯುವ ನೀರಿನ ಮೂಲಗಳ ಸುತ್ತ 500 ಮೀಟರ್‌ನೊಳಗೆ ಅನುಮತಿ ಇಲ್ಲದೆ ಹೊಸ ಬಾವಿ ಬೇಡ ಎಂದಿತು. 2011ರ ಅಂತರ್ಜಲ ಅಧಿನಿಯಮ ಪ್ರಾಧಿಕಾರವನ್ನು ರಚಿಸಿ, ನೋಂದಣಿ ಮತ್ತು ಅನುಮತಿಯ ಪದ್ಧತಿ ತಂದಿತು. ಎರಡರ ಚಿಂತೆಯೂ ಕೆಳಗಿನ ನೀರಿನದು. ಮೇಲಿನ ಬಾಯಿಯ ಚಿಂತೆ ಮಾಡಿದ್ದು ಸುಪ್ರೀಂ ಕೋರ್ಟ್. 2010ರಲ್ಲಿ ಅದು ಕೊಟ್ಟ ಮಾರ್ಗಸೂಚಿಯಲ್ಲಿ ಎಲ್ಲವೂ ಇತ್ತು: 15 ದಿನ ಮೊದಲು ಲಿಖಿತ ಮಾಹಿತಿ, ಬೋರ್ ಹೊಡೆಯುವವರ ನೋಂದಣಿ, ಸುತ್ತ ಮುಳ್ಳುತಂತಿ, ಕೇಸಿಂಗ್ ಪೈಪಿನ (ಮೇಲಿನ ಮಣ್ಣು ಕುಸಿಯದಂತೆ ಕುಳಿಯೊಳಗೆ ಇಳಿಸುವ ಪೈಪು) ಮೇಲೆ ವೆಲ್ಡ್ ಮಾಡಿದ ತಗಡು ಅಥವಾ ನಟ್-ಬೋಲ್ಟ್ ಬಿಗಿದ ಮುಚ್ಚಳ, ಕೈಬಿಟ್ಟ ಕುಳಿಯನ್ನು ತಳದಿಂದ ನೆಲಮಟ್ಟದ ವರೆಗೆ ತುಂಬುವುದು. ಸೂಳಿಕೇರಿಯ ಹೊತ್ತಿಗೆ ಆ ಕಾಗದಕ್ಕೆ ನಾಲ್ಕು ವರ್ಷ ತುಂಬಿತ್ತು.

ಇಲ್ಲಿ ಹೊಲದ ಕಡೆಯ ಮಾತನ್ನೂ ಹೇಳಬೇಕು, ಕಡತದಲ್ಲಿ ಅದು ಸಿಗುವುದಿಲ್ಲ. ನೀರಿನ ಪಾಯಿಂಟ್ ತೋರಿಸುವವನು ತೆಂಗಿನಕಾಯಿ ಹಿಡಿದು ಜಾಗ ಗುರುತಿಸುತ್ತಾನೆ. ಏಜೆಂಟ್ ಬೋರ್ ಹೊಡೆಯುವ ಗಾಡಿ ಕಳಿಸುತ್ತಾನೆ, ಬಹಳ ಸಲ ತಮಿಳುನಾಡಿನ ನೋಂದಣಿಯದು. ರಾತ್ರಿಯೆಲ್ಲ ಬೂದುಬಣ್ಣದ ಹುಡಿ ಹಾರುತ್ತದೆ, ಮನೆಮಂದಿಯೆಲ್ಲ ಹಸಿ ಕಾಣುವುದೇ ಎಂದು ಕಾಯುತ್ತಾರೆ. 500 ಅಡಿಗೂ ಹುಡಿಯೇ ಬಂದರೆ ಅಡಿ ಲೆಕ್ಕದಲ್ಲಿ ಹಣ ಎಣಿಸಿಕೊಂಡು ಗಾಡಿ ಮುಂದಿನ ಊರಿಗೆ ಹೊರಡುತ್ತದೆ. ಹೋಗುವ ಮೊದಲು ಕೇಸಿಂಗ್ ಪೈಪನ್ನು ಕಿತ್ತುಕೊಡುತ್ತಾರೆ, ಇನ್ನೊಂದು ಬೋರಿಗೆ ಆದೀತಲ್ಲ ಎಂದು. ಕೇಸಿಂಗ್ ಇಳಿಸಲು ಮೇಲಿನ ಭಾಗವನ್ನು ಅಗಲವಾಗಿ ಕೊರೆದಿರುತ್ತಾರೆ; ಪೈಪು ಕಿತ್ತ ಮೇಲೆ ಉಳಿಯುವುದು ಆ ಅಗಲದ ಹಸಿ ಮಣ್ಣಿನ ಬಾಯಿ. ಮುಚ್ಚಳ ಬಿಗಿಯಿರಿ ಎಂದರೆ ಬಿಗಿಯುವುದಕ್ಕೆ ಅಲ್ಲಿ ಪೈಪೇ ಇಲ್ಲ. ಸಾಲ ಮಾಡಿದ ರೈತ ಒಂದು ಜಾಲಿ ಕಂಟಿ ಎಳೆದು, ಖಾಲಿ ಸಿಮೆಂಟ್ ಚೀಲ ಹೊದಿಸಿ, ಮೇಲೊಂದು ಕಲ್ಲಿಟ್ಟು ಮನೆಗೆ ಹೋಗುತ್ತಾನೆ. ಮಳೆಗಾಲದಲ್ಲಿ ನೀರು ಬಂದರೂ ಬರಬಹುದು ಎಂಬ ಆಸೆಯೂ ಇರುತ್ತದೆ. ನಮ್ಮ ಮನೆಯಲ್ಲಿಯೂ ಇತ್ತು. ಹೀಗಾಗಿ ಅದು ‘ನಿಷ್ಕ್ರಿಯ ಕೊಳವೆಬಾವಿ’ ಎಂಬ ಸರ್ಕಾರಿ ಪಟ್ಟಿಗೆ ಸೇರುವುದೇ ಇಲ್ಲ. ಲಚ್ಯಾಣದ ಬೋರ್ ಹೊಡೆಸಿದ್ದು 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದ ವರ್ಷದ ಬೇಸಿಗೆಯಲ್ಲಿ ಎಂಬುದನ್ನೂ ಮರೆಯಬಾರದು.

ಶಾಸಕರಿಗೂ ಬೋರಿಗೂ ನಂಟು ಹಳೆಯದು. ಸಣ್ಣ ರೈತರಿಗೆ ಸರ್ಕಾರವೇ ಬೋರ್ ಕೊಡಿಸುವ ಗಂಗಾ ಕಲ್ಯಾಣ ಯೋಜನೆಯ ಫಲಾನುಭವಿಗಳನ್ನು ಆಯ್ಕೆ ಮಾಡುವ ತಾಲ್ಲೂಕು ಸಮಿತಿಗೆ ಅಧ್ಯಕ್ಷರು ಶಾಸಕರೇ. ಯಾವ ಪಕ್ಷದವರಾದರೂ ಚುನಾವಣೆಗೆ ಮುನ್ನ ಹಂಚುವ ಸಾಧನೆಯ ಪುಸ್ತಿಕೆಯಲ್ಲಿ ಎಷ್ಟು ಬೋರ್ ಕೊಡಿಸಿದೆವು ಎಂಬ ಸಾಲು ಇರುತ್ತದೆ. ಎಷ್ಟು ಮುಚ್ಚಿಸಿದೆವು ಎಂಬ ಸಾಲನ್ನು ನಾನಂತೂ ನೋಡಿಲ್ಲ. ಮುಚ್ಚಿದ ಕುಳಿಗೆ ಪೂಜೆಯಿಲ್ಲ, ಫೋಟೊ ಇಲ್ಲ.

ಲಚ್ಯಾಣದ ಎಂಟು ತಿಂಗಳ ಬಳಿಕ, 2024ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ 2011ರ ಅಧಿನಿಯಮಕ್ಕೆ ತಿದ್ದುಪಡಿ ಬಂತು. ಮಂಡಿಸಿದ್ದು ಸಣ್ಣ ನೀರಾವರಿ ಇಲಾಖೆ. ಬೋರ್ ಹೊಡೆಸುವ 15 ದಿನ ಮೊದಲು ತಿಳಿಸಬೇಕು. ವಿಫಲವಾದದ್ದನ್ನು ಮುಚ್ಚದಿದ್ದರೆ ಒಂದು ವರ್ಷದ ವರೆಗೆ ಜೈಲು, 25,000 ರೂಪಾಯಿ ದಂಡ. ಹೊಣೆ ಜಮೀನಿನ ಒಡೆಯನದಷ್ಟೇ ಅಲ್ಲ, ಬೋರ್ ಹೊಡೆದ ಏಜೆನ್ಸಿಯದೂ ಹೌದು. ಕೋರ್ಟಿನ ಮಾರ್ಗಸೂಚಿಗೆ ಹದಿನಾಲ್ಕು ವರ್ಷದ ನಂತರ ಹಲ್ಲು ಬಂದಂತಾಯಿತು. ಆದರೆ ಆ ಅಧಿವೇಶನವೆಂದರೆ ಜನರಿಗೆ ನೆನಪಾಗುವುದು ಸುವರ್ಣ ವಿಧಾನಸೌಧದ ಹೊರಗೆ ಪಂಚಮಸಾಲಿ ಹೋರಾಟಗಾರರ ಮೇಲೆ ನಡೆದ ಲಾಠಿ ಪ್ರಹಾರ ಮತ್ತು ಕೊನೆಯ ದಿನ ಪರಿಷತ್ತಿನಲ್ಲಿ ಎದ್ದ ಗದ್ದಲ.

ಗಾಡಿ ಹೊರಡುವುದು ನಡುರಾತ್ರಿ. ಪರಿಶೀಲಿಸಬೇಕಾದವರ ಕಚೇರಿ ಬಾಗಿಲು ತೆರೆಯುವುದು ಬೆಳಿಗ್ಗೆ. ನಡುವಿನ ತಾಸುಗಳಿಗೆ ಈ ಕಾನೂನು ಸಾಲುತ್ತದೆಯೇ ಎಂಬುದು ನನ್ನ ಅನುಮಾನ. ಗಾಡಿ ಹೊಲದಲ್ಲಿರುವಾಗಲೇ ಕುಳಿ ತುಂಬಿಸುವ ಕರಾರು ಮಾಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಆರೂವರೆ ಇಂಚು ಅಗಲದ, 500 ಅಡಿ ಆಳದ ಕುಳಿಗೆ ಬೇಕಾಗುವುದು ಒಂದು ಬ್ರಾಸ್‌ಗಿಂತ (ನೂರು ಘನ ಅಡಿ) ತುಸು ಹೆಚ್ಚು ಮಣ್ಣು. ಹೆಚ್ಚೆಂದರೆ ಒಂದೂವರೆ ಟ್ರೇಲರ್. ಅದರ ಬಹುಪಾಲು ಅಲ್ಲೇ ಕುಳಿಯ ಸುತ್ತ ಬೂದುಬಣ್ಣದ ಗುಡ್ಡೆಯಾಗಿ ಬಿದ್ದಿರುತ್ತದೆ.