ಸಸ್ಯಾಹಾರ ಹೆಚ್ಚು ಆರೋಗ್ಯಕರವೇ? ಪುರಾವೆಗಳನ್ನು ಓದಲು ಒಂದು ಟಿಪ್ಪಣಿ

ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳು ಹೆಚ್ಚು ಆರೋಗ್ಯವಂತರೇ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಹೌದು ಅಥವಾ ಇಲ್ಲ ಎಂದು ಒಂದೇ ಪದದಲ್ಲಿ ಬರೆದರೆ ಅಂಕ ಸಿಗಬಹುದು, ವಿಷಯ ಅರ್ಥವಾದಂತಾಗುವುದಿಲ್ಲ. ಯಾವ ಬಗೆಯ ಸಸ್ಯಾಹಾರ, ಯಾವ ಬಗೆಯ ಮಾಂಸಾಹಾರದೊಂದಿಗೆ ಹೋಲಿಕೆ, ಯಾವ ರೋಗದ ಮಟ್ಟಿಗೆ, ಮತ್ತು ತಟ್ಟೆಯಿಂದ ಮಾಂಸವನ್ನು ತೆಗೆದ ಮೇಲೆ ಆ ಜಾಗಕ್ಕೆ ಏನು ಬಂತು ಎಂಬುದನ್ನು ಅನುಸರಿಸಿ ಉತ್ತರ ಬದಲಾಗುತ್ತದೆ. ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ತೂಕದ್ದೆಂದು ನನಗೆ ತೋರುತ್ತದೆ. ವಾದ-ವಿವಾದಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕೇಳಿಬರುವುದೂ ಅದೇ.

ಗುಂಪುಗಳನ್ನು ಹೇಗೆ ಮಾಡುತ್ತಾರೆ?

ಹಾಲು, ಮೊಟ್ಟೆಗಳನ್ನು ಸೇವಿಸುವ ಸಸ್ಯಾಹಾರಿಗಳು, ಪ್ರಾಣಿಮೂಲದ ಏನನ್ನೂ ಮುಟ್ಟದ ವೀಗನ್‌ಗಳು, ಮೀನನ್ನು ಮಾತ್ರ ತಿನ್ನುವವರು ಮತ್ತು ಎಲ್ಲ ಬಗೆಯ ಮಾಂಸವನ್ನೂ ತಿನ್ನುವವರು ಎಂಬ ವಿಂಗಡಣೆ ಈ ಕ್ಷೇತ್ರದಲ್ಲಿ ರೂಢಿಯಲ್ಲಿದೆ. ಆದರೆ ಪ್ರತಿ ಅಧ್ಯಯನವೂ ತನ್ನದೇ ಗೆರೆ ಎಳೆದುಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಡ್ವೆಂಟಿಸ್ಟ್ ಅಧ್ಯಯನದಲ್ಲಿ ಮಾಂಸ ಮತ್ತು ಮೀನುಗಳನ್ನು ತಿಂಗಳಿಗೆ ಒಂದು ಸಲಕ್ಕಿಂತ ಕಡಿಮೆ ತಿನ್ನುವವರನ್ನು ಸಸ್ಯಾಹಾರಿಗಳೆಂದೇ ಎಣಿಸಲಾಗಿತ್ತು. ವರ್ಷಕ್ಕೆ ನಾಲ್ಕೈದು ಬಾರಿ ಮಾಂಸ ತಿಂದವರೂ ಅಲ್ಲಿ ಸಸ್ಯಾಹಾರಿಗಳ ಪಟ್ಟಿಯಲ್ಲಿ ಸೇರಿರಬಹುದು. ಇದು ಸಂಶೋಧಕರ ತಪ್ಪಲ್ಲ. ಜನರು ಪ್ರಶ್ನಾವಳಿಗೆ ನೆನಪಿನಿಂದ ಕೊಟ್ಟ ಉತ್ತರಗಳನ್ನು ಆಧರಿಸಿ ಗುಂಪು ಮಾಡುವಾಗ ಎಲ್ಲಾದರೂ ಒಂದು ಗೆರೆ ಬೇಕೇ ಬೇಕು. ಓದುವವರು ಮಾತ್ರ ಆ ಗೆರೆ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಎರಡು ದೊಡ್ಡ ಅಧ್ಯಯನಗಳು, ಎರಡು ಬಗೆಯ ಫಲಿತಾಂಶ

ಅಡ್ವೆಂಟಿಸ್ಟ್ ಆರೋಗ್ಯ ಅಧ್ಯಯನದ ಎರಡನೆಯ ಆವೃತ್ತಿಯನ್ನು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯವು 2002ರಲ್ಲಿ ಆರಂಭಿಸಿತು. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 73,308 ಜನರನ್ನು ಸರಾಸರಿ ಆರು ವರ್ಷಗಳಿಗೆ ತುಸು ಕಡಿಮೆ ಅವಧಿಯವರೆಗೆ ಗಮನಿಸಲಾಗಿತ್ತು. ಎಲ್ಲ ಬಗೆಯ ಸಸ್ಯಾಹಾರಿಗಳನ್ನು ಒಟ್ಟಾಗಿ ನೋಡಿದಾಗ ಅವರಲ್ಲಿ ಯಾವುದೇ ಕಾರಣದ ಸಾವಿನ ಅಪಾಯ ಮಾಂಸಾಹಾರಿಗಳಿಗಿಂತ ಶೇ. 12ರಷ್ಟು ಕಡಿಮೆ ಇತ್ತು. ಸ್ವಾರಸ್ಯದ ಸಂಗತಿಯೆಂದರೆ, ಮೀನು ತಿನ್ನುವವರ ಅಪಾಯ ಇನ್ನೂ ಕಡಿಮೆ, ಶೇ. 19ರಷ್ಟು ಕೆಳಗೆ ಇತ್ತು. ಪುರುಷರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು, ಮಹಿಳೆಯರಲ್ಲಿ ಅಷ್ಟಾಗಿ ಕಾಣಲಿಲ್ಲ.

ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನವು 1993ರಿಂದ 1999ರವರೆಗೆ ಸುಮಾರು 65,000 ಜನರನ್ನು ಸೇರಿಸಿಕೊಂಡಿತು. ಅಲ್ಲಿ ಒಟ್ಟು ಮರಣ ಪ್ರಮಾಣವನ್ನು ಲೆಕ್ಕ ಹಾಕಿದಾಗ ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಇಬ್ಬರ ಮರಣ ಪ್ರಮಾಣವೂ ಆ ದೇಶದ ಸಾಮಾನ್ಯ ಜನರ ಸರಾಸರಿಗಿಂತ ಸಾಕಷ್ಟು ಕಡಿಮೆ ಇತ್ತು. ಅಂದರೆ ಇಂತಹ ಅಧ್ಯಯನಕ್ಕೆ ತಾವಾಗಿ ಹೆಸರು ಕೊಟ್ಟ ಮಾಂಸಾಹಾರಿಗಳೂ ಧೂಮಪಾನ, ತೂಕ, ವ್ಯಾಯಾಮಗಳ ವಿಷಯದಲ್ಲಿ ಎಚ್ಚರದಿಂದಿರುವ ಜನರೇ ಆಗಿದ್ದರು. ಸಸ್ಯಾಹಾರಿಗಳನ್ನು ದೇಶದ ಸರಾಸರಿಯೊಂದಿಗೆ ಹೋಲಿಸಿ ಹಿಗ್ಗುವ ಲೇಖನಗಳು ಈ ಅಂಶವನ್ನು ಮರೆಯುತ್ತವೆ. ಆ ಹೋಲಿಕೆಯಲ್ಲಿ ಊಟದ ಲಾಭ ಎಷ್ಟು, ಉಳಿದ ಒಳ್ಳೆಯ ಅಭ್ಯಾಸಗಳ ಲಾಭ ಎಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಿಲ್ಲ. ಅಡ್ವೆಂಟಿಸ್ಟ್ ಅಧ್ಯಯನದ ಬಲ ಇರುವುದೂ ಇಲ್ಲಿಯೇ. ಒಂದೇ ಧಾರ್ಮಿಕ ಸಮುದಾಯದವರಾದ್ದರಿಂದ ಅಲ್ಲಿನ ಎರಡೂ ಗುಂಪುಗಳಲ್ಲಿ ಧೂಮಪಾನ, ಮದ್ಯಪಾನ ಬಹಳ ಕಡಿಮೆ, ಹೀಗಾಗಿ ಹೋಲಿಕೆ ತಕ್ಕಮಟ್ಟಿಗೆ ಸಮಾನರ ನಡುವೆ ನಡೆಯುತ್ತದೆ.

ಎಪಿಕ್-ಆಕ್ಸ್‌ಫರ್ಡ್‌ನ 2019ರ ವರದಿಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಒಂದೇ ಆಹಾರಕ್ರಮ ಒಂದು ರೋಗವನ್ನು ತಗ್ಗಿಸಿ ಇನ್ನೊಂದನ್ನು ಹೆಚ್ಚಿಸಿದಂತೆ ಕಾಣುವ ಉದಾಹರಣೆ ಅಲ್ಲಿದೆ. ಸುಮಾರು 48,000 ಜನರನ್ನು 18 ವರ್ಷ ಗಮನಿಸಿದಾಗ, ಹೃದಯಕ್ಕೆ ರಕ್ತ ಪೂರೈಕೆ ಕುಗ್ಗಿ ಬರುವ ಹೃದ್ರೋಗದ ಅಪಾಯವು ಸಸ್ಯಾಹಾರಿಗಳಲ್ಲಿ ಶೇ. 22ರಷ್ಟು ಕಡಿಮೆ ಇತ್ತು. ಆದರೆ ಪಾರ್ಶ್ವವಾಯುವಿನ ಅಪಾಯ ಶೇ. 20ರಷ್ಟು ಹೆಚ್ಚಿತ್ತು, ಅದರಲ್ಲಿಯೂ ಮಿದುಳಿನಲ್ಲಿ ರಕ್ತಸ್ರಾವವಾಗಿ ಬರುವ ಬಗೆ ಹೆಚ್ಚು. ಇಷ್ಟನ್ನೇ ಓದಿದವರಿಗೆ ಎರಡೂ ಸರಿಸಮವಾಗಿ ಹೋಯಿತು ಎನಿಸಬಹುದು. ಹಾಗಲ್ಲ. ಅದೇ ವರದಿಯ ಪ್ರಕಾರ 1,000 ಜನರನ್ನು 10 ವರ್ಷ ಗಮನಿಸಿದರೆ, ಸಸ್ಯಾಹಾರಿಗಳಲ್ಲಿ ಹೃದ್ರೋಗದ ಪ್ರಕರಣಗಳು 10ರಷ್ಟು ಕಡಿಮೆ, ಪಾರ್ಶ್ವವಾಯುವಿನ ಪ್ರಕರಣಗಳು 3ರಷ್ಟು ಹೆಚ್ಚು. ಹೃದ್ರೋಗ ಹೆಚ್ಚು ಸಾಮಾನ್ಯವಾದ ಕಾಯಿಲೆಯಾದ್ದರಿಂದ ಶೇಕಡಾವಾರು ಹತ್ತಿರಹತ್ತಿರವಿದ್ದರೂ ನಿಜವಾದ ಸಂಖ್ಯೆಗಳು ದೂರವಾಗುತ್ತವೆ. ಸಾಪೇಕ್ಷ ಅಪಾಯವನ್ನು (ಶೇಕಡಾವಾರು ಹೋಲಿಕೆಯನ್ನು) ಎಲ್ಲಿ ಕಂಡರೂ ಅದರ ಪಕ್ಕದಲ್ಲಿ ನಿರಪೇಕ್ಷ ಅಪಾಯವನ್ನು (ನಿಜವಾದ ಪ್ರಕರಣಗಳ ಸಂಖ್ಯೆಯನ್ನು) ಬರೆದುಕೊಳ್ಳುವ ಅಭ್ಯಾಸ ಈ ಕಾರಣಕ್ಕೆ ಬೇಕು.

ಸಂಸ್ಕರಿಸಿದ ಮಾಂಸ ಮತ್ತು ಕ್ಯಾನ್ಸರ್

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರ ಅಕ್ಟೋಬರ್‌ನಲ್ಲಿ, ಉಪ್ಪು ಹಾಕಿ, ಹೊಗೆಯಾಡಿಸಿ ಅಥವಾ ಬೇರೆ ರೀತಿ ಸಂಸ್ಕರಿಸಿ ಇಡುವ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೂ, ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೂ ಸೇರಿಸಿತು. ತಂಬಾಕು ಕೂಡ ಮೊದಲನೆಯ ಗುಂಪಿನಲ್ಲಿಯೇ ಇರುವುದರಿಂದ ಎರಡರ ಅಪಾಯವೂ ಒಂದೇ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿ ಹಬ್ಬಿತು. ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ.

ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವುದರಿಂದ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ ಎಂಬುದು ಆ ಸಂಸ್ಥೆಯ ಅಂದಾಜು. ಇದನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಜೀವಮಾನದಲ್ಲಿ 100 ಜನರ ಪೈಕಿ 5 ಮಂದಿಗೆ ಈ ರೋಗ ಬರುವ ಒಂದು ಸಮಾಜವಿದೆ ಎಂದಿಟ್ಟುಕೊಂಡರೆ, ಎಲ್ಲರೂ ದಿನವೂ ಅಷ್ಟು ಪ್ರಮಾಣ ತಿನ್ನತೊಡಗಿದಾಗ ಆ ಸಂಖ್ಯೆ ಹೆಚ್ಚುಕಡಿಮೆ 6ಕ್ಕೆ ಏರುತ್ತದೆ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಏರಿಕೆ, ಕೋಟಿ ಜನರ ಸಮಾಜದ ಮಟ್ಟಿಗೆ ಒಂದು ಲಕ್ಷ ಹೆಚ್ಚುವರಿ ರೋಗಿಗಳು. ವೈಯಕ್ತಿಕ ಸಲಹೆಗೂ ಸಾರ್ವಜನಿಕ ಆರೋಗ್ಯ ನೀತಿಗೂ ಒಂದೇ ಅಂಕಿ ಬೇರೆ ಬೇರೆಯಾಗಿ ಕಾಣಲು ಇದೇ ಕಾರಣ.

ಇದರ ವಿರುದ್ಧ ದಿಕ್ಕಿನ ಮಾತೂ ಬಂದಿದೆ. 2019ರಲ್ಲಿ ನ್ಯೂಟ್ರಿರೆಕ್ಸ್ ಎಂಬ ಸಂಶೋಧಕರ ಕೂಟವು, ವಯಸ್ಕರು ಈಗ ತಿನ್ನುತ್ತಿರುವಷ್ಟು ಕೆಂಪು ಮತ್ತು ಸಂಸ್ಕರಿಸಿದ ಮಾಂಸವನ್ನು ಮುಂದುವರಿಸಬಹುದು ಎಂದು ಹೇಳಿ ದೊಡ್ಡ ವಿವಾದವನ್ನೇ ಎಬ್ಬಿಸಿತು. ಆ ಕೂಟ ಕಂಡ ಅಂಕಿಗಳು ಉಳಿದವರ ಅಂಕಿಗಳಿಗಿಂತ ತೀರಾ ಬೇರೆಯಾಗಿರಲಿಲ್ಲ. ಔಷಧ ಪ್ರಯೋಗಗಳಿಗೆ ಬಳಸುವ ಮಾನದಂಡದಿಂದ ಅಳೆದು, ಜನರನ್ನು ಕೇವಲ ಗಮನಿಸಿ ಪಡೆದ ಪುರಾವೆಯ ಖಚಿತತೆ ಕಡಿಮೆ ಎಂದು ಅದು ತೀರ್ಮಾನಿಸಿತ್ತು. ತನ್ನ ಶಿಫಾರಸು ಕೂಡ ದುರ್ಬಲವಾದದ್ದೆಂದು ಅದೇ ಹೇಳಿಕೊಂಡಿತ್ತು. ಇಪ್ಪತ್ತು ವರ್ಷ ಒಂದೇ ಬಗೆಯ ಊಟ ಮಾಡಿ ಎಂದು ಜನರಿಗೆ ಕಟ್ಟುಹಾಕಿ ಪ್ರಯೋಗ ನಡೆಸಲು ಸಾಧ್ಯವೇ ಇಲ್ಲದ ಕ್ಷೇತ್ರಕ್ಕೆ ಆ ಮಾನದಂಡ ಹೊಂದುವುದಿಲ್ಲ ಎಂಬ ಟೀಕಾಕಾರರ ವಾದ ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಪ್ರಯೋಗಗಳು ಎಷ್ಟು ದೂರ ಬರುತ್ತವೆ?

ಕಡಿಮೆ ಅವಧಿಯ ಪ್ರಯೋಗಗಳಂತೂ ಸಾಧ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 22 ಜೋಡಿ ತದ್ರೂಪಿ ಅವಳಿಗಳು ಭಾಗವಹಿಸಿದ್ದರು. ಪ್ರತಿ ಜೋಡಿಯಲ್ಲಿ ಒಬ್ಬರು ಎಂಟು ವಾರ ವೀಗನ್ ಆಹಾರವನ್ನೂ ಇನ್ನೊಬ್ಬರು ಮಾಂಸವೂ ಸೇರಿದ ಆಹಾರವನ್ನೂ ಸೇವಿಸಿದರು. ಅನುವಂಶೀಯತೆಯ ವ್ಯತ್ಯಾಸವನ್ನು ಬದಿಗೊತ್ತಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ವೀಗನ್ ಗುಂಪಿನ ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟರಾಲ್ ಸರಾಸರಿ 110.7ರಿಂದ 95.5ಕ್ಕೆ ಇಳಿಯಿತು, ಇನ್ನೊಂದು ಗುಂಪಿನದು 118.5ರಿಂದ 116.1ಕ್ಕೆ ಇಳಿಯಿತು. ಇಲ್ಲಿ ಮಾಂಸಾಹಾರಿ ಗುಂಪಿಗೂ ತರಕಾರಿ, ಇಡಿ ಧಾನ್ಯಗಳಿರುವ ಒಳ್ಳೆಯ ಊಟವನ್ನೇ ಕೊಟ್ಟಿದ್ದರು ಎಂಬುದು ಮುಖ್ಯ. ಹಾಗಿದ್ದರೂ ಎರಡು ಎಚ್ಚರಿಕೆಗಳಿವೆ: ವೀಗನ್ ಗುಂಪಿನವರು ಕಡಿಮೆ ಕ್ಯಾಲೊರಿ ಸೇವಿಸಿ ತೂಕವನ್ನೂ ಇಳಿಸಿಕೊಂಡಿದ್ದರು, ಮತ್ತು ಎಂಟು ವಾರಗಳಲ್ಲಿ ಅಳೆಯಬಹುದಾದದ್ದು ಕೊಲೆಸ್ಟರಾಲನ್ನೇ ಹೊರತು ಹೃದಯಾಘಾತವನ್ನಲ್ಲ. ವೀಗನ್ ಊಟ ಮಾಡಿದವರಿಗೆ ಊಟದ ತೃಪ್ತಿ ಕಡಿಮೆಯಿತ್ತೆಂದು ಅದೇ ವರದಿ ಹೇಳುತ್ತದೆ; ಆಹಾರಕ್ರಮವನ್ನು ವರ್ಷಗಟ್ಟಲೆ ಪಾಲಿಸಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಮಾಂಸದ ಜಾಗಕ್ಕೆ ಏನು ಬಂತು?

ಕರಿದ ಆಲೂಗಡ್ಡೆ, ಬಿಳಿ ಹಿಟ್ಟಿನ ತಿನಿಸು, ಸಕ್ಕರೆ ಬೆರೆಸಿದ ಪಾನೀಯಗಳನ್ನು ಮಾತ್ರ ಸೇವಿಸುವ ವ್ಯಕ್ತಿಯೂ ಸಸ್ಯಾಹಾರಿಯೇ. ಅಮೆರಿಕದ ಆರೋಗ್ಯ ವೃತ್ತಿಪರರ ಮೂರು ದೊಡ್ಡ ಅಧ್ಯಯನಗಳ ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು 2017ರಲ್ಲಿ ವಿಶ್ಲೇಷಿಸಿದವರು, ಸಸ್ಯಮೂಲದ ಆಹಾರಗಳನ್ನೇ ಎರಡು ಬಗೆಯಾಗಿ ಒಡೆದು, ಯಾರು ಯಾವ ಬಗೆಯನ್ನು ಎಷ್ಟು ತಿನ್ನುತ್ತಾರೆ ಎಂಬುದಕ್ಕೆ ಅಂಕ ಕೊಟ್ಟು ನೋಡಿದರು. ಇಡಿ ಧಾನ್ಯ, ಹಣ್ಣು, ತರಕಾರಿ, ಬೇಳೆಕಾಳು, ಬೀಜಗಳಿಗೆ ಹೆಚ್ಚು ಅಂಕ ಬಂದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಶೇ. 25ರಷ್ಟು ಕಡಿಮೆ ಇತ್ತು. ಸಂಸ್ಕರಿಸಿದ ಧಾನ್ಯ, ಸಿಹಿತಿಂಡಿ, ಸಿಹಿ ಪಾನೀಯಗಳಿಗೆ ಹೆಚ್ಚು ಅಂಕ ಬಂದವರಲ್ಲಿ ಅದು ಶೇ. 32ರಷ್ಟು ಹೆಚ್ಚಿತ್ತು. ಎರಡೂ ಸಸ್ಯಮೂಲದವೇ. ಆದ್ದರಿಂದ ಮಾಂಸ ಬಿಟ್ಟರೆ ಲಾಭವೇ ಎಂದು ಕೇಳುವ ಬದಲು, ಕೆಂಪು ಮಾಂಸದ ಬದಲಿಗೆ ಬೇಳೆಕಾಳು ತಿಂದರೆ ಹೇಗೆ, ಮೀನಿನ ಬದಲಿಗೆ ಬಿಳಿ ಬ್ರೆಡ್ ತಿಂದರೆ ಹೇಗೆ ಎಂದು ಕೇಳಿದರೆ ಉತ್ತರಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಸಸ್ಯಾಹಾರದ ಲಾಭದ ಬಹುಪಾಲು ನಾರಿನಂಶದ ಹೆಚ್ಚಳ, ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನ ಇಳಿಕೆ ಮತ್ತು ಕಡಿಮೆ ದೇಹತೂಕಗಳಿಂದ ಬರುತ್ತದೆ. ಮಾಂಸವನ್ನು ಪೂರ್ತಿ ಬಿಡದೆಯೂ ಇವನ್ನು ಸಾಕಷ್ಟು ಮಟ್ಟಿಗೆ ಸಾಧಿಸಬಹುದು.

ಕೊರತೆಗಳ ಕಡೆ: ಬಿ12

ಸಸ್ಯಾಹಾರದ ದೌರ್ಬಲ್ಯಗಳಲ್ಲಿ ತಪ್ಪದೆ ತಿಳಿದಿರಬೇಕಾದದ್ದು ಬಿ12 ಜೀವಸತ್ವದ ಕೊರತೆ. ಇದನ್ನು ಸಸ್ಯವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಕೆಲವು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ತಯಾರಿಸಿದ್ದು ಅವುಗಳ ಮಾಂಸಕ್ಕೂ ಹಾಲಿಗೂ ಸೇರುತ್ತದೆ. 1948ರಲ್ಲಿ ಇದನ್ನು ಪ್ರತ್ಯೇಕಿಸಲಾಯಿತು, 1956ರಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞೆ ಡೊರೊಥಿ ಹಾಡ್ಗ್‌ಕಿನ್ ಇದರ ರಚನೆಯನ್ನು ಬಿಡಿಸಿದರು.

ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2.4 ಮೈಕ್ರೊಗ್ರಾಂ ಮಾತ್ರ. ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, 1ರಿಂದ 5 ಮಿಲಿಗ್ರಾಂವರೆಗೆ ಸಂಗ್ರಹವಿರುತ್ತದೆ, ಅಂದರೆ ದಿನದ ಅಗತ್ಯದ ಸಾವಿರ ಪಟ್ಟಿನ ಆಸುಪಾಸು. ವೀಗನ್ ಆಹಾರಕ್ಕೆ ಬದಲಾದವರು ವರ್ಷಗಟ್ಟಲೆ ಏನೂ ತೊಂದರೆಯಿಲ್ಲದೆ ಓಡಾಡಿಕೊಂಡಿದ್ದು, ತಮಗೆ ಬಿ12 ಬೇಕಾಗಿಲ್ಲ ಎಂದು ನಂಬಲು ಈ ಸಂಗ್ರಹವೇ ಕಾರಣ. ಇನ್ನೊಂದು ಮೋಸವೂ ಇಲ್ಲಿದೆ. ಬಿ12 ಕಡಿಮೆಯಾದಾಗ ಬರುವ ರಕ್ತಹೀನತೆಯನ್ನು ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಸರಿಪಡಿಸಿಬಿಡುತ್ತದೆ, ಆದರೆ ನರಗಳಿಗೆ ಆಗುವ ಹಾನಿಯನ್ನು ತಡೆಯುವುದಿಲ್ಲ. ರಕ್ತಪರೀಕ್ಷೆ ನೆಟ್ಟಗಿದೆ ಎಂದುಕೊಂಡಿರುವಾಗಲೇ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಶುರುವಾಗಬಹುದು. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯಲ್ಲಿ ಬಿ12 ಇದೆ ಎಂಬ ಜಾಹೀರಾತುಗಳನ್ನು ನಂಬಬಾರದು, ಅದರಲ್ಲಿರುವುದರ ಬಹುಭಾಗ ಮನುಷ್ಯರ ದೇಹಕ್ಕೆ ಉಪಯೋಗವಾಗದ ರೂಪ. ವೀಗನ್‌ಗಳು ಮಾತ್ರೆಯನ್ನೋ ಬಿ12 ಸೇರಿಸಿ ಬಲಪಡಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಹಾಗೆಂದು ಮಾಂಸಾಹಾರಿಗಳು ನಿಶ್ಚಿಂತರಾಗಿ ಇರುವಂತೆಯೂ ಇಲ್ಲ: ವಯಸ್ಸಾದಂತೆ ಜಠರದ ಆಮ್ಲ ಕುಗ್ಗಿದವರಲ್ಲಿ, ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳಲ್ಲಿ ಹೀರಿಕೆಯೇ ಕಡಿಮೆಯಾಗಿ ಕೊರತೆ ಬರುತ್ತದೆ.

ಉಳಿದವು

ಮಾಂಸದ ಹೀಮ್ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುತ್ತದೆ. ಸಸ್ಯಗಳ ಕಬ್ಬಿಣಕ್ಕೆ ಧಾನ್ಯ-ಕಾಳುಗಳಲ್ಲಿರುವ ಫೈಟೇಟ್ ಎಂಬ ಪದಾರ್ಥ, ಚಹಾ ಮತ್ತು ಕಾಫಿಗಳ ಪಾಲಿಫಿನಾಲ್‌ಗಳು ಅಡ್ಡಿಪಡಿಸುತ್ತವೆ, ಸಿ ಜೀವಸತ್ವ ನೆರವಾಗುತ್ತದೆ. ಸಸ್ಯಾಹಾರಿಗಳಿಗೆ 1.8 ಪಟ್ಟು ಹೆಚ್ಚು ಕಬ್ಬಿಣ ಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಕಾಳುಗಳನ್ನು ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಫೈಟೇಟನ್ನು ತಗ್ಗಿಸುವುದರಿಂದ ಸತುವಿಗೂ ಅದೇ ಉಪಾಯ ಸಲ್ಲುತ್ತದೆ. ಪ್ರೊಟೀನ್ ಬಗ್ಗೆ ಇರುವ ಆತಂಕ ಮಾತ್ರ ಅತಿಯಾದದ್ದು. ಪ್ರೊಟೀನಿನ ಘಟಕಗಳಾದ ಅಮೈನೊ ಆಮ್ಲಗಳ ಪೈಕಿ, ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಕಾಳುಗಳಲ್ಲಿದೆ, ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮಿಥಿಯೊನಿನ್ ಧಾನ್ಯಗಳಲ್ಲಿದೆ, ಮತ್ತು ಇವೆರಡನ್ನು ಒಂದೇ ಹೊತ್ತಿನ ಊಟದಲ್ಲಿ ಸೇರಿಸಲೇಬೇಕೆಂಬ ನಿಯಮವೇನೂ ಇಲ್ಲ.

ಮೂಳೆಗಳ ವಿಷಯ ಹೆಚ್ಚು ಗಂಭೀರ. ಎಪಿಕ್-ಆಕ್ಸ್‌ಫರ್ಡ್‌ನ 2020ರ ವರದಿಯಲ್ಲಿ ವೀಗನ್‌ಗಳ ಮೂಳೆ ಮುರಿತದ ಅಪಾಯ ಮಾಂಸಾಹಾರಿಗಳಿಗಿಂತ ಶೇ. 43ರಷ್ಟು ಹೆಚ್ಚಿತ್ತು, ಸೊಂಟದ ಮುರಿತದ ಅಪಾಯ ಎರಡು ಪಟ್ಟಿಗೂ ಮಿಗಿಲಾಗಿತ್ತು. ಕಡಿಮೆ ದೇಹತೂಕ, ಕ್ಯಾಲ್ಸಿಯಂ ಮತ್ತು ಪ್ರೊಟೀನ್‌ಗಳ ಕಡಿಮೆ ಸೇವನೆ ಇದರ ಒಂದು ಭಾಗವನ್ನು ಮಾತ್ರ ವಿವರಿಸುತ್ತವೆ. ಹೃದಯಕ್ಕೆ ಒಳ್ಳೆಯದಾದ ಕಡಿಮೆ ತೂಕವೇ ಬಿದ್ದಾಗ ಸೊಂಟಕ್ಕೆ ಒಳ್ಳೆಯದಲ್ಲದಿರಬಹುದು ಎಂಬುದು ಇಲ್ಲಿ ಯೋಚಿಸಬೇಕಾದ ಸಂಗತಿ.

ಉತ್ತರ ಬರೆಯುವಾಗ ಯಾರ ಬಗ್ಗೆ ಬರೆಯುತ್ತಿದ್ದೇವೆ ಎಂಬುದನ್ನೂ ಹೇಳಬೇಕು. ಸರಿಯಾಗಿ ಯೋಜಿಸಿದ ಸಸ್ಯಾಹಾರವು ಗರ್ಭಾವಸ್ಥೆ, ಶೈಶವ ಸೇರಿದಂತೆ ಜೀವನದ ಎಲ್ಲ ಹಂತಗಳಿಗೂ ತಕ್ಕುದೆಂದು ಅಮೆರಿಕದ ಪೋಷಣೆ ಮತ್ತು ಪಥ್ಯಶಾಸ್ತ್ರ ಅಕಾಡೆಮಿ 2016ರಲ್ಲಿ ಹೇಳಿತ್ತು, ಇಂದಿಗೂ ಹೆಚ್ಚಾಗಿ ಉದ್ಧರಿಸುವುದು ಆ ಮಾತನ್ನೇ. ಅದೇ ಅಕಾಡೆಮಿಯ 2025ರ ಹೇಳಿಕೆಯು ಗರ್ಭಿಣಿಯರೂ ಹಾಲುಣಿಸುವವರೂ ಅಲ್ಲದ ವಯಸ್ಕರಿಗೆ ಮಾತ್ರ ಸೀಮಿತವಾಗಿದೆ. ಉಳಿದವರಿಗೆ ಸಸ್ಯಾಹಾರ ಹಾನಿಕರ ಎಂದು ಅದು ಹೇಳಿಲ್ಲ, ಅವರನ್ನು ಆ ಹೇಳಿಕೆಯ ವ್ಯಾಪ್ತಿಗೆ ತೆಗೆದುಕೊಂಡಿಲ್ಲ ಅಷ್ಟೆ. ಆದ್ದರಿಂದ ಅಕಾಡೆಮಿಯ ಅಭಿಪ್ರಾಯವನ್ನು ಉಲ್ಲೇಖಿಸುವಾಗ ವರ್ಷವನ್ನೂ, ಅದು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನೂ ಜೊತೆಯಲ್ಲಿಯೇ ನಮೂದಿಸತಕ್ಕದ್ದು.