ಹೆಲಿಕಾಪ್ಟರ್ ಮಾಡೆಲ್‌ಗೆ ಕೊಳೆ ಹಚ್ಚಿದರೆ ಕೆಸರಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ, ಯಾಕೆ?

ಓದುಗರ ಪ್ರಶ್ನೆ: 1/72 ಸ್ಕೇಲ್‌ನ (ನಿಜವಾದದ್ದಕ್ಕಿಂತ 72 ಪಟ್ಟು ಚಿಕ್ಕ) ಎಂಐ-17 ಹೆಲಿಕಾಪ್ಟರ್ ಕಿಟ್ ಕಟ್ಟಿದ್ದೇನೆ. ಬಣ್ಣ ಹೊಡೆದಾಗ ಚೆನ್ನಾಗಿಯೇ ಇತ್ತು, ಆದರೆ ಆಟದ ಸಾಮಾನಿನ ಥರ ಕಾಣುತ್ತಿತ್ತು. ಓಡಾಡಿದ ಯಂತ್ರದ ಹಾಗೆ ಕಾಣಲಿ ಅಂತ ಕಪ್ಪು ವಾಶ್ (ತೆಳ್ಳಗೆ ಕದಡಿದ ಬಣ್ಣ), ಕೆಮ್ಮಣ್ಣಿನ ಬಣ್ಣ, ಬೆಳ್ಳಿ ಬಣ್ಣದ ಗೀರು ಎಲ್ಲ ಹಾಕಿದೆ. ಈಗ ಕೆಸರಲ್ಲಿ ಅದ್ದಿ ತೆಗೆದ ಹಾಗಿದೆ. ಮೇಲಿಂದ ಮ್ಯಾಟ್ ವಾರ್ನಿಶ್ ಹೊಡೆದರೆ ಅಲ್ಲಲ್ಲಿ ಬೆಳ್ಳಗಾಯಿತು. ಎಲ್ಲಿ ತಪ್ಪಿತು? (ಸೋಮವಾರಪೇಟೆ)

ಮಾಡೆಲ್ ಕಟ್ಟುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ನಿಮ್ಮ ಕೈಕೆಲಸದಲ್ಲಿ ದೋಷ ಇಲ್ಲ. ಕೊಳೆ ಎಲ್ಲಿಂದ ಬಂತು, ಯಾವ ಕಡೆ ಹೋಯಿತು ಅಂತ ಕೇಳಿಕೊಳ್ಳದೆ ಹಚ್ಚಿದರೆ ಹೀಗೇ ಆಗುವುದು. ವೆದರಿಂಗ್ ಅಂದರೆ ಮಸಿ, ಎಣ್ಣೆ, ನೀರು, ಮರಳು, ಬೂಟು ಈ ಐದೂ ಯಂತ್ರದ ಮೇಲೆ ಏನು ಮಾಡಿವೆ ಅನ್ನುವುದನ್ನು ತೋರಿಸುವ ಕೆಲಸ. ಪ್ರತಿಯೊಂದಕ್ಕೂ ಹುಟ್ಟುವ ಜಾಗ ಇದೆ, ಹೋಗುವ ದಿಕ್ಕು ಇದೆ.

ಕೊಡಗಿನಲ್ಲಿರುವ ನಮಗೆ ಇನ್ನೊಂದು ತೊಂದರೆಯೂ ಇದೆ. ಕೊಳೆಯಾದ ಗಾಡಿ ಅಂದ ಕೂಡಲೇ ಮಳೆಗಾಲದ ತೋಟದ ಜೀಪು ಕಣ್ಣ ಮುಂದೆ ಬರುತ್ತದೆ. ಬಾನೆಟ್‌ವರೆಗೆ ಕೆಸರು, ಬಾಗಿಲ ಮೇಲೆಲ್ಲ ಕೆಮ್ಮಣ್ಣು. ಹೆಲಿಕಾಪ್ಟರ್ ಹಾಗೆ ಕೊಳೆಯಾಗುವುದಿಲ್ಲ. ಅದರ ಚಕ್ರ ನೆಲದಲ್ಲಿ ಉರುಳುವುದೇ ಕಡಿಮೆ. ಹಾರಿ ಬಂದ ಮೇಲೆ ತೊಳೆದು ಒರೆಸುವ ಸಿಬ್ಬಂದಿ ಇರುತ್ತಾರೆ. ಹಾಗಾಗಿ ಕೆಸರು ಇದ್ದರೆ ಟಯರ್, ಚಕ್ರದ ಕಾಲು, ಹೊಟ್ಟೆಯ ಕೆಳಭಾಗ, ಬಾಗಿಲ ಮೆಟ್ಟಿಲು, ಇಷ್ಟರಲ್ಲೇ ಇರಬೇಕು. ಕಿಟಕಿಯ ಮಟ್ಟಕ್ಕೆ ಕೆಮ್ಮಣ್ಣು ಹಚ್ಚಿದ್ದರೆ ಮೊದಲು ಅದನ್ನು ತೆಗೆಯಿರಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇನ್ನು ಅಳತೆಯ ವಿಷಯ. ಇದನ್ನು ಬಹಳ ಜನ ಲೆಕ್ಕ ಹಾಕುವುದೇ ಇಲ್ಲ. 1/72ರಲ್ಲಿ ಅರ್ಧ ಮಿಲಿಮೀಟರ್ ಅಗಲದ ಗೀರು ಎಳೆದರೆ ನಿಜವಾದ ಯಂತ್ರದಲ್ಲಿ ಅದು 36 ಮಿಲಿಮೀಟರ್ ಅಗಲ. ಎರಡು ಬೆರಳು ಇಡುವಷ್ಟು ಜಾಗದಲ್ಲಿ ಬಣ್ಣ ಎದ್ದುಹೋದ ಹೆಲಿಕಾಪ್ಟರನ್ನು ಯಾರೂ ಹಾರಿಸುವುದಿಲ್ಲ, ಅಲ್ವಾ? ಬೆಳ್ಳಿ ಬಣ್ಣವನ್ನು ಬ್ರಶ್‌ನಲ್ಲಿ ಎಳೆಯಲು ಹೋಗಬೇಡಿ. ಚೂಪು ಮಾಡಿದ ಬೆಳ್ಳಿ ಬಣ್ಣದ ಪೆನ್ಸಿಲ್ ತಗೊಂಡು ಬರೀ ತುದಿ ತಾಗಿಸಿ. ಎಲ್ಲಿ ತಾಗಿಸಬೇಕು ಅನ್ನುವುದು ಮುಂದೆ ಬರುತ್ತದೆ.

ಶುರು ಮಾಡುವ ಮೊದಲು ಒಂದೇ ಒಂದು ಯಂತ್ರವನ್ನು ಆರಿಸಿಕೊಳ್ಳಿ. ಆ ಯಂತ್ರದ್ದೇ, ಒಂದೇ ಕಾಲದ ಫೋಟೊಗಳನ್ನು ಸೇರಿಸಿ. ಹತ್ತು ಬೇರೆ ಬೇರೆ ಹೆಲಿಕಾಪ್ಟರ್‌ಗಳ ಕಲೆಗಳನ್ನು ಒಂದರ ಮೇಲೆ ತಂದು ಹಾಕಿದರೆ ಹೊಂದುವುದಿಲ್ಲ. ಫೋಟೊ ಹುಡುಕುವಾಗ ಎಂಐ-8 ಮತ್ತು ಎಂಐ-17 ಕಲೆಸಿಹೋಗುತ್ತವೆ. ಮೊದಲ ಎಂಐ-8ಗಳಲ್ಲಿ ಬಾಲದ ರೋಟರ್ ಬಲಗಡೆ ಇರುತ್ತದೆ, ಎಂಐ-17ರಲ್ಲಿ ಎಡಗಡೆ. ನಮ್ಮ ವಾಯುಪಡೆಯ ಎಂಐ-17ವಿ-5ಕ್ಕೆ ಮೂತಿ ಚೂಪು, ಹಿಂದೆ ಇಳಿಸುವ ರ‍್ಯಾಂಪ್ ಇರುತ್ತದೆ. ಹಳೆಯ ಎಂಐ-17ಕ್ಕೆ ದುಂಡು ಗಾಜಿನ ಮೂತಿ, ಹಿಂದೆ ಚಿಪ್ಪಿನ ಥರ ತೆರೆಯುವ ಎರಡು ಬಾಗಿಲು. ನಿಮ್ಮ ಕಿಟ್ ಯಾವುದು ಅಂತ ನೋಡಿ ಅದಕ್ಕೆ ತಕ್ಕ ಫೋಟೊ ಹಿಡಿಯಿರಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಮಾಡೆಲ್ ಬೇರೆ ಇದ್ದರೂ ಪರವಾಗಿಲ್ಲ. ಹತ್ತಿರದಿಂದ ರಿವೆಟ್ ಸಾಲು, ಮುಚ್ಚಳದ ಅಂಚು, ಬಿಸಿಲಿಗೆ ಬಣ್ಣ ಮಾಸಿದ ರೀತಿ ನೋಡಿದರೆ ಕಣ್ಣು ಪಳಗುತ್ತದೆ.

ಈಗ ಮಸಿ. ಎಂಐ-17ರಲ್ಲಿ ಎದ್ದು ಕಾಣುವ ಕೊಳೆ ಇದೇ. ಎರಡು ಎಂಜಿನ್‌ಗಳು ಮುಖ್ಯ ರೋಟರ್ ಕಂಬದ ಮುಂದೆ, ಮೈಯ ಮೇಲ್ಭಾಗದಲ್ಲಿ ಕೂತಿರುತ್ತವೆ. ಅವುಗಳ ಎಕ್ಸಾಸ್ಟ್ ಕಂಬದ ಅಕ್ಕಪಕ್ಕ ಎಡಕ್ಕೊಂದು ಬಲಕ್ಕೊಂದು ಬಾಯಿ ತೆರೆದಿರುತ್ತದೆ. ಹೊಗೆ ಹೊರಗೆ ಬಂದ ಕೂಡಲೇ ಮೇಲಿಂದ ರೋಟರ್ ಗಾಳಿ ಒತ್ತುತ್ತದೆ, ಮುಂದಿನಿಂದ ಹಾರಾಟದ ಗಾಳಿ ತಳ್ಳುತ್ತದೆ. ಹಾಗಾಗಿ ಮಸಿ ಎಕ್ಸಾಸ್ಟ್‌ನಿಂದ ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಜಾರಿ ಬಾಲದ ತೋಳಿನ ಮೇಲೆ ಹರಡುತ್ತದೆ. ಎಕ್ಸಾಸ್ಟ್‌ನ ಮುಂದೆ ಮಸಿ ಇರಬಾರದು. ಕೆಲವು ಯಂತ್ರಗಳಲ್ಲಿ ಎಕ್ಸಾಸ್ಟ್ ಬಾಯಿಗೆ ಬಿಸಿ ತಗ್ಗಿಸುವ ದೊಡ್ಡ ಡಬ್ಬಿ ಕೂರಿಸಿರುತ್ತಾರೆ. ಅಲ್ಲಿ ಮಸಿಯ ದಾರಿಯೇ ಬೇರೆ, ಫೋಟೊ ನೋಡಿಯೇ ಮಾಡಬೇಕು.

ಈ ಮಸಿಗೆ ಅಪ್ಪಟ ಕಪ್ಪು ಬೇಡ. ಗಾಢ ಕಂದು ಮತ್ತು ಬೂದು ಬೆರೆಸಿ, ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಸಾಧನ) ಇದ್ದರೆ ಹಾಲಿಗಿಂತ ತೆಳ್ಳಗೆ ಮಾಡಿ, ಮೊದಲು ಅಗಲವಾಗಿ ಮಂಜಿನ ಹಾಗೆ ಹಾಯಿಸಿ. ಒಂದು ಸಲಕ್ಕೆ ಕಂಡೂ ಕಾಣದಷ್ಟು ಬಿದ್ದರೆ ಸರಿ. ಒಣಗಲು ಬಿಟ್ಟು, ಇನ್ನೂ ಗಾಢ ಬಣ್ಣವನ್ನು ನಡುವೆ ಕಿರಿದಾಗಿ ಹಾಯಿಸಿ. ಏರ್‌ಬ್ರಶ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಸ್ಟೇಶನರಿ ಅಂಗಡಿಯಲ್ಲಿ ಸಿಗುವ ಒಣ ಪೇಸ್ಟಲ್ ಕಡ್ಡಿ ತನ್ನಿ. ಎಣ್ಣೆಯದ್ದು ಬೇಡ, ಸೀಮೆಸುಣ್ಣದಂತೆ ಪುಡಿಯಾಗುವುದೇ ಬೇಕು. ಅದನ್ನು ಎಮರಿ ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ, ಮೆತ್ತನೆಯ ಒಣ ಬ್ರಶ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಸವರಿ. ಕೆಳಗೆ ಮ್ಯಾಟ್ ವಾರ್ನಿಶ್ ಇದ್ದರೆ ಪುಡಿ ಹಿಡಿಯುತ್ತದೆ, ಹೊಳಪಿದ್ದರೆ ಜಾರುತ್ತದೆ. ನನಗಂತೂ ಏರ್‌ಬ್ರಶ್‌ಗಿಂತ ಪೇಸ್ಟಲ್ ಪುಡಿಯ ಮಸಿಯೇ ಜಾಸ್ತಿ ಇಷ್ಟ. ಅದರ ಅಂಚು ತನ್ನಷ್ಟಕ್ಕೆ ಕರಗಿಹೋಗುತ್ತದೆ, ಜಾಸ್ತಿಯಾದರೆ ಒದ್ದೆ ಬಡ್ಸ್‌ನಲ್ಲಿ ಒರೆಸಿ ಮತ್ತೆ ಶುರು ಮಾಡಬಹುದು.

ಬೂಟಿನ ಗುರುತು ಎಲ್ಲಿರಬೇಕು? ಎಂಐ-17ರಲ್ಲಿ ಪೈಲಟ್‌ಗಳಿಗೆ ಕಾರಿನ ಥರ ಬೇರೆ ಬಾಗಿಲು ಇಲ್ಲ. ಎಡಗಡೆಯ ಜಾರುವ ಬಾಗಿಲಿನಿಂದ ಒಳಗೆ ಹೋಗಿ ಮುಂದಕ್ಕೆ ನಡೆಯುತ್ತಾರೆ. ಹಾಗಾಗಿ ಆ ಬಾಗಿಲ ಹೊಸ್ತಿಲು ಸವೆದಿರುತ್ತದೆ. ಇನ್ನೊಂದು ಚೆಂದದ ಸಂಗತಿ ಇದೆ: ಎಂಜಿನ್‌ನ ಪಕ್ಕದ ಮುಚ್ಚಳಗಳು ಕೆಳಕ್ಕೆ ಮಡಚಿಕೊಂಡು ಮೆಕ್ಯಾನಿಕ್‌ಗಳು ನಿಲ್ಲುವ ಹಲಗೆಯಾಗುತ್ತವೆ. ಮುಚ್ಚಳ ತೆರೆದಿಟ್ಟ ಮಾಡೆಲ್ ಆದರೆ ಅದರ ಒಳಮೈಯಲ್ಲಿ ಬೂಟಿನ ಉಜ್ಜು, ಎಣ್ಣೆ ಕಲೆ ಧಾರಾಳವಾಗಿ ಇರಲಿ. ಮುಚ್ಚಿಟ್ಟಿದ್ದರೆ ಅಂಚಿನಲ್ಲಿ, ಕೊಕ್ಕೆಗಳ ಸುತ್ತ ಬೆಳ್ಳಿ ಪೆನ್ಸಿಲ್ ತುದಿ ತಾಗಿಸಿದರೆ ಸಾಕು. ಮೈಯ ಪಕ್ಕದಲ್ಲಿ ಕಾಲಿಟ್ಟು ಹತ್ತುವ ಗುಳಿಗಳ ಕೆಳಗೆ ತೆಳುವಾಗಿ ಧೂಳು ಬಣ್ಣ ಸವರಿ. ಬಾಲದ ತೋಳಿನ ನಡುವೆ, ಯಾರ ಕೈಯೂ ಕಾಲೂ ಹೋಗದ ಕಡೆ, ಬೆಳ್ಳಿ ಗೀರು ಬೇಡವೇ ಬೇಡ.

ರೋಟರ್ ರೆಕ್ಕೆಗಳನ್ನು ಎಷ್ಟೋ ಜನ ಪೂರ್ತಿ ಮರೆತುಬಿಡುತ್ತಾರೆ. ಎಂಐ-17ರ ಮುಖ್ಯ ರೋಟರ್‌ಗೆ ಐದು ರೆಕ್ಕೆ, ಸುತ್ತಿನ ಅಡ್ಡಳತೆ 21 ಮೀಟರ್ ಚಿಲ್ಲರೆ. ತಿರುಗುವಾಗ ತುದಿಯ ವೇಗ ಸೆಕೆಂಡಿಗೆ 200 ಮೀಟರ್ ದಾಟುತ್ತದೆ. ಆ ವೇಗದಲ್ಲಿ ಮರಳು ಬಡಿದರೆ ಸವೆಯುವುದು ಮುಂದಿನ ಅಂಚು, ಅದರಲ್ಲೂ ತುದಿಯ ಕಡೆ. ಬುಡದ ಕಡೆ ಸವೆತ ಕಡಿಮೆ. ಅಲ್ಲಿ ಗ್ರೀಸ್ ಚಿಮ್ಮಿದ ಗುರುತು ಇರಬೇಕು, ಅದೂ ಕಂಬದಿಂದ ಹೊರಮುಖವಾಗಿ. ಇದಕ್ಕಿಂತ ಮುಖ್ಯವಾದದ್ದು ರೆಕ್ಕೆಯ ಬಾಗು. ನಿಂತ ಹೆಲಿಕಾಪ್ಟರ್‌ನ ರೆಕ್ಕೆಗಳು ತಮ್ಮ ಭಾರಕ್ಕೆ ಕೆಳಗೆ ಬಾಗಿರುತ್ತವೆ. ಕಿಟ್‌ನಲ್ಲಿ ಎಷ್ಟೋ ಸಲ ನೇರವಾಗಿ ಬರುತ್ತವೆ. ಮಾಡೆಲ್ ಆಟದ ಸಾಮಾನಿನ ಹಾಗೆ ಕಾಣಲು ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ಬಣ್ಣ ಹೊಡೆಯುವ ಮೊದಲೇ ರೆಕ್ಕೆಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದು, ಬೆರಳಿನಿಂದ ನಿಧಾನ ಬಾಗಿಸಿ, ತಣ್ಣೀರಲ್ಲಿ ಅದ್ದಿ. ಐದೂ ಒಂದೇ ಥರ ಬಾಗಬೇಕು. ಕಾಗದದ ಮೇಲೆ ಒಂದು ಬಾಗಿದ ಗೆರೆ ಎಳೆದಿಟ್ಟು, ಒಂದೊಂದನ್ನೂ ಅದಕ್ಕೆ ಹಿಡಿದು ನೋಡಿ.

ಕಪ್ಪು ವಾಶ್ ಬಗ್ಗೆ. ವಾಶನ್ನು ಇಡೀ ಮೈಗೆ ಬಳಿದಿದ್ದೀರಿ ಅಂತ ಕಾಣುತ್ತದೆ. ಅದು ಪ್ಯಾನೆಲ್‌ಗಳ ನಡುವೆ ಕೊರೆದಿರುವ ಗೆರೆಗಳಿಗೆ ಮಾತ್ರ. ಹಸಿರು ಮೈಗೆ ಗಾಢ ಕಂದು, ಬೂದು ಮೈಗೆ ಗಾಢ ಬೂದು ಹೊಂದುತ್ತದೆ. ಕಪ್ಪು ಹಾಕಿದರೆ ಗೆರೆಗಳು ಪೆನ್ನಿನಲ್ಲಿ ಬರೆದ ಹಾಗೆ ಎದ್ದು ಕಾಣುತ್ತವೆ. ಕಲಾವಿದರ ಆಯಿಲ್ ಕಲರ್ ಟ್ಯೂಬ್‌ನಿಂದ ಒಂದು ಚೂರು ತೆಗೆದು ಟರ್ಪಂಟೈನ್‌ನಲ್ಲಿ ಕದಡಿ. ಸಪೂರ ಬ್ರಶ್‌ನ ತುದಿಯನ್ನು ಗೆರೆಗೆ ತಾಗಿಸಿ ಸುಮ್ನೆ ಇರಿ, ಅದು ತಾನೇ ಓಡಿ ಗೆರೆ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು ಬಡ್ಸ್‌ನಲ್ಲಿ ಒರೆಸುವಾಗ ದಿಕ್ಕು ಮರೆಯಬೇಡಿ. ಮೈಯ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ, ಯಾಕೆಂದರೆ ನಿಂತ ಯಂತ್ರದ ಮೇಲೆ ಮಳೆನೀರು ಹಾಗೇ ಇಳಿಯುತ್ತದೆ. ಬಾಲದಲ್ಲಿ ಮುಂದಿನಿಂದ ಹಿಂದಕ್ಕೆ. ಇದರ ಕೆಳಗೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಹೊಳಪು ವಾರ್ನಿಶ್, ಎರಡೂ ಪೂರ್ತಿ ಒಣಗಿರಬೇಕು. ಡೆಕಾಲ್ (ಗುರುತು, ನಂಬರ್‌ಗಳ ತೆಳು ಸ್ಟಿಕ್ಕರ್) ಅಂಟಿಸುವುದೂ ಆ ಹೊಳಪಿನ ಮೇಲೆಯೇ. ಒರಟು ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ನಿಂತು ಬೆಳ್ಳಗೆ ಮಿನುಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಥಿನ್ನರ್ ಅಂತ ಕೇಳಿದರೆ ಎನ್‌ಸಿ ಥಿನ್ನರ್ ಕೊಟ್ಟುಬಿಡಬಹುದು. ಅದು ಬಣ್ಣದ ಜೊತೆ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಟರ್ಪಂಟೈನ್ ಅಂತಲೇ ಹೇಳಿ ತನ್ನಿ.

ಈಗ ವಾರ್ನಿಶ್ ಬೆಳ್ಳಗಾದ ವಿಷಯ. ಇದು ನಮ್ಮ ಊರಿನ ಹವೆಯ ಕೆಲಸ. ಸ್ಪ್ರೇ ಮೈಗೆ ಬಿದ್ದ ಕೂಡಲೇ ಅದರೊಳಗಿನ ದ್ರಾವಕ ಬೇಗ ಆರಿಹೋಗುತ್ತದೆ. ಆರುವಾಗ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಮೈಯ ಮೇಲೆ ನೀರಿನ ಕಣ ಕೂತು, ಒಣಗುತ್ತಿರುವ ವಾರ್ನಿಶ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ ಮಬ್ಬು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಡಬ್ಬಿ ಸ್ಪ್ರೇ ಹೊಡೆದರೆ ಹೀಗಾಗದೆ ಇನ್ನೇನಾಗುತ್ತದೆ? ಮ್ಯಾಟ್ ವಾರ್ನಿಶ್‌ಗೆ ಇನ್ನೊಂದು ಕಾಯಿಲೆಯೂ ಇದೆ. ಡಬ್ಬಿ ಸರಿಯಾಗಿ ಕುಲುಕದಿದ್ದರೆ, ಅಥವಾ ಒಂದೇ ಸಲ ದಪ್ಪಗೆ ಹೊಡೆದರೆ, ಒಳಗಿನ ಮ್ಯಾಟ್ ಪುಡಿ ಒಂದೆಡೆ ಸೇರಿ ಬೆಳ್ಳಗೆ ಕಾಣುತ್ತದೆ.

ಸರಿಪಡಿಸಲು ಅವಸರ ಬೇಡ. ನಾಲ್ಕು ದಿನ ಬಿಸಿಲು ಬಿದ್ದು ಗಾಳಿ ಒಣಗಲಿ. ಆಮೇಲೆ ಅದೇ ಕಂಪನಿಯ ಹೊಳಪು ವಾರ್ನಿಶನ್ನು ಮಬ್ಬಿನ ಮೇಲೆ ತೆಳ್ಳಗೆ ಹೊಡೆಯಿರಿ. ಅನೇಕ ಸಲ ಮಬ್ಬು ಅದರಲ್ಲೇ ಕರಗಿ ಹೋಗುತ್ತದೆ. ಮೊದಲು ಹೊಟ್ಟೆಯ ಕೆಳಗೆ, ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಅದು ಒಣಗಿದ ಮೇಲೆ ಮ್ಯಾಟ್, ಎರಡು ಮೂರು ತೆಳು ಪದರಗಳಲ್ಲಿ. ಸ್ಪ್ರೇ ಡಬ್ಬಿಯನ್ನು ಒಲೆಯ ಹತ್ತಿರ ಒಯ್ಯಬೇಡಿ, ಬೆಂಕಿ ಹತ್ತುತ್ತದೆ. ಮಾಡೆಲನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆಯೂ ಹಿಡಿಯುತ್ತದೆ.

ನನ್ನ ಸಲಹೆ ಕೇಳಿದರೆ, ಕೊಡಗಿನಲ್ಲಿ ಕೆಲಸವನ್ನು ಕಾಲಕ್ಕೆ ತಕ್ಕ ಹಾಗೆ ಹಂಚಿಕೊಳ್ಳಿ. ಜೂನ್‌ನಿಂದ ಮಳೆ ನಿಲ್ಲುವವರೆಗೆ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು, ಕಾಕ್‌ಪಿಟ್ ಒಳಗೆ ಬ್ರಶ್‌ನಲ್ಲಿ ಬಣ್ಣ ಹಾಕುವುದು. ಸ್ಪ್ರೇ, ವಾರ್ನಿಶ್, ಪೇಸ್ಟಲ್ ಪುಡಿ ಎಲ್ಲ ತುಲಾ ಸಂಕ್ರಮಣ ಕಳೆದು ಹವೆ ಒಣಗಿದ ಮೇಲೆ. ಪುತ್ತರಿ ಹೊತ್ತಿಗೆ ಮಾಡೆಲ್ ಮುಗಿಯುತ್ತದೆ. ಆಯಿಲ್ ಕಲರ್ ಮಳೆಗಾಲದಲ್ಲಿ ಒಣಗುವುದು ತುಂಬಾ ನಿಧಾನ, ಅದಕ್ಕೆ ತಾಳ್ಮೆ ಬೇಕು.

ಕೆಮ್ಮಣ್ಣು ಹಾಕಲೇಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಜಿಲ್ಲೆ ನಮ್ಮದು. ನಮ್ಮೂರಿನ ಮೈದಾನದಲ್ಲಿ ಇಳಿದ ಹೆಲಿಕಾಪ್ಟರ್ ಮಾಡಬೇಕು ಅಂತ ಯಾರಿಗಾದರೂ ಅನಿಸಿದರೆ ಅದಕ್ಕೆ ಅರ್ಥವಿದೆ. ಹಾಗಾದರೆ ಮೊದಲು ಹವೆಯನ್ನು ತೀರ್ಮಾನಿಸಿ. ಮಳೆಯ ದಿನವಾದರೆ ಧೂಳು ಏಳುವುದಿಲ್ಲ. ಟಯರ್‌ಗೆ ಒದ್ದೆ ಕೆಸರು, ಹೊಟ್ಟೆಯ ಕೆಳಗೆ ಸಣ್ಣ ಚಿಮ್ಮು, ಮೆಟ್ಟಿಲ ಮೇಲೆ ಬೂಟಿನ ಮಣ್ಣು, ಮೈ ಮೇಲೆ ನೀರು ಇಳಿದ ಗೆರೆ, ಇಷ್ಟೇ. ಒದ್ದೆ ಕೆಸರಿಗೆ ಸ್ವಲ್ಪ ಹೊಳಪು ಬೇಕು, ಹಾಗಾಗಿ ಅಷ್ಟು ಜಾಗಕ್ಕೆ ಮಾತ್ರ ಕೊನೆಯಲ್ಲಿ ಹೊಳಪು ವಾರ್ನಿಶ್ ಮುಟ್ಟಿಸಿ. ಬೇಸಿಗೆಯಾದರೆ ತೆಳು ಕೆಂಪು ಧೂಳು ಕೆಳಭಾಗದಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಎರಡನ್ನೂ ಒಟ್ಟಿಗೆ ಹಾಕಬೇಡಿ.

ಅಡಿಯ ಹಲಗೆಯ ಮೇಲೆ ನೆಲ ಮಾಡಲು ಮನೆಯ ಹಿಂದಿನ ಮಣ್ಣೇ ಸಾಕು. ಚೆನ್ನಾಗಿ ಒಣಗಿಸಿ ತೆಳು ಬಟ್ಟೆಯಲ್ಲಿ ಜಾಲಿಸಿ, ನೀರು ಬೆರೆಸಿದ ಬಿಳಿ ಅಂಟಿನ ಮೇಲೆ ಉದುರಿಸಿ. ಆದರೆ ಅದೇ ಮಣ್ಣನ್ನು ಹೆಲಿಕಾಪ್ಟರ್ ಮೈಗೆ ಹಚ್ಚಬೇಡಿ. ನಮಗೆ ನುಣುಪು ಅನಿಸುವ ಕಣ 1/72ರಲ್ಲಿ ಜಲ್ಲಿಕಲ್ಲು. ಕಾಫಿ ಸೋಸಿ ಉಳಿದ ಚರಟವನ್ನು ನೆಲಕ್ಕೆ ಬಳಸುವವರೂ ಇದ್ದಾರೆ. ಬಣ್ಣ ಚೆಂದ ಬರುತ್ತದೆ, ನಿಜ. ನಮ್ಮ ತೇವಕ್ಕೆ ಅದು ಬೂಷ್ಟು ಹಿಡಿಯುತ್ತದೆ, ಹಾಗಾಗಿ ಬೇಡ.

ನಿಮ್ಮ ಮಾಡೆಲನ್ನು ಎಸೆಯಬೇಡಿ. ಆಯಿಲ್ ವಾಶ್ ಇನ್ನೂ ಹಸಿಯಿದ್ದು, ಮೇಲೆ ವಾರ್ನಿಶ್ ಬೀಳದ ಕಡೆ ಟರ್ಪಂಟೈನ್‌ನಲ್ಲಿ ಒರೆಸಿದರೆ ಬಿಡುತ್ತದೆ. ವಾರ್ನಿಶ್ ಕೆಳಗೆ ಸಿಕ್ಕಿಕೊಂಡ ಕಡೆ ಮೈಬಣ್ಣವನ್ನೇ ತೆಳ್ಳಗೆ ಮಾಡಿ, ಚೂರು ಬಿಳಿ ಸೇರಿಸಿ, ಪ್ಯಾನೆಲ್‌ಗಳ ನಡುವೆ ಮತ್ತೆ ಹಾಯಿಸಿ. ಕೊಳೆ ಹಿಂದಕ್ಕೆ ಸರಿಯುತ್ತದೆ, ಬಿಸಿಲಿಗೆ ಮಾಸಿದ ನೋಟವೂ ಸಿಗುತ್ತದೆ. ಆಮೇಲೆ ಎಕ್ಸಾಸ್ಟ್ ಮಸಿ, ಹೊಸ್ತಿಲ ಸವೆತ, ರೆಕ್ಕೆಯ ಅಂಚು, ಈ ಮೂರನ್ನು ಮಾತ್ರ ಮಾಡಿ ಒಂದು ರಾತ್ರಿ ಹಾಗೇ ಇಡಿ. ಬೆಳಿಗ್ಗೆ ಹಗಲು ಬೆಳಕಿನಲ್ಲಿ ನೋಡಿ, ಇನ್ನೂ ಏನಾದರೂ ಬೇಕು ಅನಿಸಿದರೆ ಮಾತ್ರ ಬ್ರಶ್ ಹಿಡಿಯಿರಿ. ಗಾಜಿನ ಮೇಲಿನ ಮಾಸ್ಕಿಂಗ್ ಟೇಪ್ ತೆಗೆಯುವುದು, ರೋಟರ್ ಕೂರಿಸುವುದು ಎಲ್ಲ ಮುಗಿದ ಮೇಲೆ.